ತೊಳೆಯುವ ನೀರಿನಲ್ಲಿ ನೊರೆ

"ಬಾಟಲಿ ಬದಲಾಗಿಲ್ಲ," ಅಂದೆ.

ನನ್ನ ಷಡ್ಡಕ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದು ಕಳಚಿ, ಮಡಿಸಿ, ಡಬ್ಬಕ್ಕೆ ಹಾಕಿ, ಆಮೇಲೆ ನಿಧಾನಕ್ಕೆ ನಕ್ಕ. ಆ ನಗು ನನಗೆ ನನ್ನ ಮದುವೆಯ ದಿನದಿಂದ ಪರಿಚಯ.

"ಪತ್ತೇದಾರರು ಜೀವಮಾನದಲ್ಲಿ ಮೊದಲನೇ ಸಲ ಮೊಲ ನೋಡಿದ್ದು ಮೊನ್ನೆ. ಇವತ್ತು ತೀರ್ಪೇ ಕೊಟ್ಟುಬಿಟ್ರಲ್ಲ!"

ಪರೀಕ್ಷಾ ಕೋಣೆಯಲ್ಲಿ ಇನ್ನಿಬ್ಬರಿದ್ದರು. ಕಿಟಕಿಯ ಬಳಿ ಕಿರಿ ಮೇಡಂ, ಅಂದರೆ ಷಡ್ಡಕನ ಕೈಕೆಳಗಿನ ವಿಜ್ಞಾನಿ. ಬಾಗಿಲ ಬಳಿ ನನ್ನ ಅತ್ತಿಗೆ, ಷಡ್ಡಕನ ಹೆಂಡತಿ, ಈ ಸಂಶೋಧನಾ ಸಂಸ್ಥೆಯ ಮೊಲಗಳಿಗೆಲ್ಲ ಪಶುವೈದ್ಯೆ. ಇಬ್ಬರೂ ನಗಲಿಲ್ಲ. ಸೋಮವಾರ ಹೊರಗಿನ ತಜ್ಞರ ಎದುರು ನಡೆದ ಪ್ರದರ್ಶನದಲ್ಲಿ ಬಣ್ಣ ಬರಬೇಕಾದ ಪರೀಕ್ಷೆಯ ಪ್ಲೇಟು ಸಪ್ಪೆಯಾಗಿ ಕೂತು ಷಡ್ಡಕನ ಮಾನ ಕಳೆದಿತ್ತು. ಬಾಟಲಿಯ ಸೀರಂ, ಅಂದರೆ ಮೊಲದ ರಕ್ತದಿಂದ ತೆಗೆದ ತಿಳಿದ್ರವ, ಬದಲಾಯಿಸಿದ್ದು ಕಿರಿ ಮೇಡಂ ಎಂದು ಅವನು ದೂರು ಕೊಟ್ಟಿದ್ದ. ಇವತ್ತು ಸಂಜೆ ನಿರ್ದೇಶಕರು ಆಕೆಯನ್ನು ಕೆಲಸದಿಂದ ತೆಗೆಯುವ ಆದೇಶಕ್ಕೆ ಸಹಿ ಹಾಕುವವರಿದ್ದರು.

"ಮನೆಯವರೇ ಆದ್ರೆ ಗುಟ್ಟು ಹೊರಗೆ ಹೋಗಲ್ಲ" ಎಂದು ನನ್ನನ್ನು ಕರೆಸಿದ್ದು ಷಡ್ಡಕನೇ. ನಾನು ಬಂದು ಅವನ ಮಾತಿಗೆ ಮುದ್ರೆ ಒತ್ತಿ ಹೋಗುತ್ತೇನೆ ಅಂತ ಅವನ ಲೆಕ್ಕ.

ಷಡ್ಡಕ ಅಂದರೆ ಏನು ಅಂತ ಇಬ್ಬರು ಹೆಣ್ಣುಮಕ್ಕಳಿರುವ ಮನೆಯ ಅಳಿಯಂದಿರಿಗೆ ಹೇಳಿಕೊಡಬೇಕಾಗಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆ ಅವನು, ಯಾವಾಗ ನೋಡಿದರೂ ಭಾರವಾಗಿಯೇ ಕೂತಿರುತ್ತಾನೆ. ಈ ವಯಸ್ಸಿನಲ್ಲೂ ತಲೆ ತುಂಬ ಕೂದಲು. ಪತ್ರಿಕೆಯಲ್ಲಿ ಆಗಾಗ ಫೋಟೋ. ನನ್ನ ಫೋಟೋ ಬಂದದ್ದು ಒಂದೇ ಸಲ, ಕಳ್ಳನೊಬ್ಬನ ಪಕ್ಕ ನಿಂತಾಗ, ಅದರಲ್ಲೂ ಅಡಿಬರಹ ಅದಲುಬದಲಾಗಿತ್ತು. ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ದಿನವಿಡೀ ದುಡಿದು ಬರುವ ನನ್ನವಳು, ಮನೆಯಲ್ಲಿ ನಲ್ಲಿ ಸೋರಿದರೂ, "ಭಾವ ಆಗಿದ್ರೆ ಇಷ್ಟೊತ್ತಿಗೆ ಸರಿ ಮಾಡಿರ್ತಿದ್ರು" ಅನ್ನುತ್ತಾಳೆ. ಮುಖದೆದುರು ನಾನೂ ಅವಳ ಹಾಗೆ "ಭಾವ" ಅನ್ನುತ್ತೇನೆ, "ನೀವು" ಅನ್ನುತ್ತೇನೆ. ಮನಸ್ಸಿನೊಳಗೆ ಶುದ್ಧ ಏಕವಚನ.

ಹಾಗಾಗಿ ಈ ಕೇಸಿನಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಅನುಮಾನ ಇದ್ದದ್ದು ನನ್ನ ಮೇಲೆಯೇ. ಅವನು ತಪ್ಪಿತಸ್ಥನಾಗಿರಲಿ ಎಂದು ಹೊಟ್ಟೆಯೊಳಗೆ ಹಾರೈಸುತ್ತಾ ಸಾಕ್ಷಿ ಹುಡುಕುವವನ ಕಣ್ಣನ್ನು ಎಷ್ಟು ನಂಬುವುದು?

ಫೋನು ತೆಗೆದು ಫೋಟೋ ತೋರಿಸಿದೆ. ಪ್ರದರ್ಶನದ ದಿನ ಅತಿಥಿಯೊಬ್ಬರು ತೆಗೆದದ್ದು. ಅಂಗೈಯಗಲದ ಪ್ಲಾಸ್ಟಿಕ್ ಪ್ಲೇಟು, ಅದರ ತುಂಬ ಸಾಲು ಸಾಲು ಪುಟ್ಟ ಗುಳಿಗಳು. "ಎಲ್ಲಾ ನೀರಿನ ಹಾಗೆ ತಿಳಿ, ಅಷ್ಟೇ," ಅಂದ ಷಡ್ಡಕ.

"ಎಲ್ಲವೂ ಅಲ್ಲ ಭಾವ. ಕೊನೆ ಸಾಲು ನೋಡಿ."

ಕೊನೆಯ ಸಾಲು ಕಡುನೀಲಿಯಾಗಿತ್ತು.

"ಅದಾ? ಅದು ಕಸ," ಅಂದ ಷಡ್ಡಕ. "ಅದನ್ನ ಯಾರೂ ನೋಡಲ್ಲ."

ಅದನ್ನು ಯಾರೂ ನೋಡುವುದಿಲ್ಲ ಅನ್ನುವ ಕಾರಣಕ್ಕೇ ನಾನು ನೋಡಿದ್ದೆ. ಮೊನ್ನೆಯಿಂದ ಕಿರಿ ಮೇಡಂ ನನ್ನ ತಲೆಗೆ ತುಂಬಿದ ವಿದ್ಯೆ ಇಷ್ಟು. ನರಗಳ ಹೊದಿಕೆಯಲ್ಲಿ ಒಂದು ಬಗೆಯ ಕೊಬ್ಬಿದೆ, ಅದರ ತಲೆಗೆ ಸಕ್ಕರೆ ಅಂಟಿಕೊಂಡಿರುತ್ತದೆ. ಗ್ಲೈಕೋಲಿಪಿಡ್ ಎಂದು ದೊಡ್ಡ ಹೆಸರು. ಲ್ಯಾಬಿನವರು ಸಕ್ಕರೆಕೊಬ್ಬು ಅನ್ನುತ್ತಾರೆ. ಇದನ್ನು ಗುರುತು ಹಿಡಿದು ಅಂಟಿಕೊಳ್ಳುವ ಆಂಟಿಬಾಡಿ ಸಿಕ್ಕಿದರೆ ನರದ ಒಂದು ಕಾಯಿಲೆಯನ್ನು ಬೇಗ ಪತ್ತೆ ಮಾಡಬಹುದು. ಆಂಟಿಬಾಡಿ ತಯಾರಾಗುವುದು ಮೊಲದ ಮೈಯಲ್ಲಿ. ಆದರೆ ಕೊಬ್ಬನ್ನು ಒಂಟಿಯಾಗಿ ಚುಚ್ಚಿದರೆ ಮೊಲದ ಮೈ ತಿರುಗಿಯೂ ನೋಡುವುದಿಲ್ಲ. ಅಷ್ಟು ಚಿಕ್ಕದು, ಅಷ್ಟು ಸಾಧು.

ಅದಕ್ಕೇ ಬೇರೆ ಪ್ರಾಣಿಯ ಪ್ರೊಟೀನೊಂದನ್ನು ಅದರ ಜೊತೆ ಬೆರೆಸಿ, ಎಣ್ಣೆಯಲ್ಲಿ ಚೆನ್ನಾಗಿ ಕಡೆದು, ಚರ್ಮದಡಿಗೆ ಕೊಡುತ್ತಾರೆ. ಪ್ರೊಟೀನು ಒಳಗೆ ಹೋಗಿ ಗಲಾಟೆ ಎಬ್ಬಿಸುತ್ತದೆ. ಆ ಗದ್ದಲಕ್ಕೆ ಎಚ್ಚೆತ್ತ ಮೈ, ಪಕ್ಕದಲ್ಲಿ ತೆಪ್ಪಗೆ ಕೂತ ಕೊಬ್ಬನ್ನೂ ನೋಡಿ, ಎರಡಕ್ಕೂ ಆಂಟಿಬಾಡಿ ಮಾಡುತ್ತದೆ. ಹೆಸರು ಮಾತ್ರ ಕೊಬ್ಬಿಗೆ. ದುಡಿದ ಪ್ರೊಟೀನನ್ನು ಕೇಳುವವರಿಲ್ಲ.

ಈ ಮಿಶ್ರಣದ ಹದ ಕಂಡುಹಿಡಿದದ್ದು ಕಿರಿ ಮೇಡಂ. ಪತ್ರಿಕೆಯಲ್ಲಿ ಫೋಟೋ ಬಂದದ್ದು ಷಡ್ಡಕನದು. ಆ ಹೆಣ್ಣುಮಗಳ ಕಣ್ಣಲ್ಲಿದ್ದ ಉರಿ ನನಗೆ ಕೂಡಲೇ ಅರ್ಥವಾಗಿತ್ತು. ಪ್ಲೇಟಿನ ಗುಳಿಗಳಿಗೆ ಕೊಬ್ಬು ಬಳಿದಿರುತ್ತಾರೆ, ಆಂಟಿಬಾಡಿ ಅಂಟಿದ ಗುಳಿ ನೀಲಿಯಾಗುತ್ತದೆ. ಅಲ್ಲೂ ಪ್ರೊಟೀನಿಗೆ ಕೊನೆಯ ಸಾಲು, ಬರೀ ತಾಳೆ ನೋಡಲಿಕ್ಕೆ. ಷಡ್ಡಕನ ನೆರಳಲ್ಲಿ ಇಷ್ಟು ವರ್ಷ ಕೂತವನಿಗೆ ಕೊನೆಯ ಸಾಲಿನ ಮೇಲೆ ಕಣ್ಣು ಹೋಗದೆ ಇನ್ನೆಲ್ಲಿ ಹೋಗುತ್ತದೆ?

"ಬೇರೆ ಮೊಲದ ಸೀರಂ ತುಂಬಿದ್ರೆ ಈ ಸಾಲೂ ತಿಳಿಯಾಗೇ ಇರಬೇಕಿತ್ತು," ಅಂದೆ. "ಚುಚ್ಚಿಸಿಕೊಳ್ಳದ ಮೊಲಕ್ಕೆ ಆ ಪ್ರೊಟೀನಿನ ಗುರುತೇ ಇಲ್ವಲ್ಲ."

ಷಡ್ಡಕ ಫೋಟೋವನ್ನು ದೊಡ್ಡದು ಮಾಡಿ ನೋಡಿದ. ಆಮೇಲೆ ತಲೆಯಾಡಿಸಿದ. "ಬುದ್ಧಿವಂತರೇ. ಆದ್ರೆ ಬರೀ ಪ್ರೊಟೀನ್ ಕೊಟ್ಟ ಮೊಲಗಳೂ ನಮ್ಮಲ್ಲಿವೆ. ಅದರ ಸೀರಂ ತುಂಬಿದ್ರೆ ಹೀಗೇ ಬರುತ್ತೆ, ಕೊನೆ ಸಾಲು ಮಾತ್ರ ನೀಲಿ. ಇಷ್ಟು ನಾಜೂಕಾಗಿ ಮೋಸ ಮಾಡೋಕೆ ಯಾರಿಗೆ ಬರುತ್ತೆ ಹೇಳಿ?"

ಅವನು ಕಿರಿ ಮೇಡಂ ಕಡೆ ನೋಡಿದ. ಆಕೆಯ ಮುಖ ಕೆಂಪಾಯಿತು.

"ಹಾಗಾದ್ರೆ ಅದೇ ಬಾಟಲಿಯನ್ನ ಈಗಲೇ ಮತ್ತೆ ಪರೀಕ್ಷೆ ಮಾಡಿ," ಅಂದೆ. "ಅದು ಬೀಗದಲ್ಲೇ ಇದೆ. ಇವರು ಮುಟ್ಟೋದು ಬೇಡ. ನಿಮ್ಮ ಕೈಯಾರೆ ನೀವೇ ಮಾಡಿ."

ಪ್ರದರ್ಶನ ಕೆಟ್ಟ ಕೂಡಲೇ ನಿರ್ದೇಶಕರು ಮೇಜಿನ ಮೇಲಿದ್ದುದನ್ನೆಲ್ಲ ಕಪಾಟಿಗೆ ಸೇರಿಸಿ ಬೀಗ ಜಡಿಸಿದ್ದರು. ಕೊಬ್ಬು ಬಳಿದು ಒಣಗಿಸಿದ ಅದೇ ಬ್ಯಾಚಿನ ಪ್ಲೇಟೊಂದು ಫ್ರಿಜ್ಜಿನಲ್ಲಿ ಉಳಿದಿತ್ತು. ನಡುನಡುವೆ ಗುಳಿಗಳನ್ನು ತೊಳೆಯಲು ಬೇಕಾದ ಉಪ್ಪುನೀರನ್ನು ಷಡ್ಡಕ ನಮ್ಮೆದುರೇ ಹೊಸದಾಗಿ ಕದಡಿದ. ಸೀರಂ ಹಾಕಿದ. ಕೆಲಸ ಮಾಡುವಾಗ ಅವನ ಕೈ ನೋಡಬೇಕು, ಒಂದು ಹನಿ ಆಚೀಚೆ ಇಲ್ಲ. ಅದನ್ನು ನೋಡಿಯೂ ನನಗೆ ಹೊಟ್ಟೆಯುರಿಯಿತು.

ಬಣ್ಣ ಬರಲು ಹೊತ್ತಾಗುತ್ತದೆ ಅಂದರು. ಅತ್ತಿಗೆ ಕಣ್ಣಲ್ಲೇ ಕರೆದರು.

ಮೊಲಗಳ ಕೋಣೆಯಲ್ಲಿ ಒಣಹುಲ್ಲಿನ ವಾಸನೆ, ಫಿನಾಯಿಲ್ ವಾಸನೆ. ಸಾಲು ಪಂಜರಗಳಲ್ಲಿ ಬಿಳಿಯ ಮೊಲಗಳು, ನಡುವೆ ಒಂದೇ ಒಂದು ಬೂದುಬಣ್ಣದ್ದು. ಪ್ರದರ್ಶನಕ್ಕೆ ಸೀರಂ ಕೊಟ್ಟಿದ್ದು ಅದೇ. ಕಿವಿಯ ಅಂಚಿನಲ್ಲಿ ರಕ್ತ ತೆಗೆದ ಗುರುತುಗಳಿದ್ದವು. ಅತ್ತಿಗೆ ಬಾಗಿಲು ತೆಗೆದು ಅದರ ಬೆನ್ನು ಸವರಿದರು, ಅದು ಕಣ್ಣು ಮುಚ್ಚಿ ಅವರ ಅಂಗೈಗೆ ಒತ್ತಿಕೊಂಡಿತು.

"ನಿಮ್ಮ ಭಾವ ಹಿಡಿದ ಮೊಲಕ್ಕೆ ಮೂರೇ ಕಾಲು," ಅಂದರು. "ನಾಲ್ಕನೇದು ಇದೆಯಾ ಅಂತ ದಿನಾ ನೋಡ್ಕೊಳ್ಳೋದು ನನ್ನ ಕೆಲಸ."

ನನಗೆ ನಗು ಬಂತು. ಅವರಿಗೆ ಬರಲಿಲ್ಲ.

"ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಆ ಹುಡುಗಿ ಹೋಗ್ಲಿ ಬಿಡಿ. ಸೀರಂ ಬದಲಾಯಿಸಿದ್ಳೋ ಇಲ್ವೋ, ಹೋಗ್ಲಿ."

"ಅತ್ತಿಗೆ! ನೀವು ಈ ಮಾತು ಆಡೋದಾ?"

"ಪ್ರದರ್ಶನದ ಹಿಂದಿನ ದಿನ ಭಾನುವಾರ. ಒಬ್ಬನೇ ಕೂತು ತಯಾರಿ ಮಾಡ್ಬೇಕು ಅಂತ ಇವರು ಇಲ್ಲಿಗೆ ಬಂದ್ರು. ಆಮೇಲೆ ಗೇಟಿನ ಕಾವಲುಗಾರ ಬಾಯಿಬಿಟ್ಟ. ಸಾಹೇಬ್ರ ಕಾರಲ್ಲಿ ಒಬ್ಬ ಹೆಂಗಸೂ ಇದ್ಳಂತೆ. ಮುಖಕ್ಕೆ ಮಾಸ್ಕು."

"ಕಿರಿ ಮೇಡಂ ಅಂತ ಅವನೇ ಹೇಳಿದ್ನಾ?"

"ಅವನು ಹೇಳ್ಬೇಕಾ? ಇನ್ಯಾರು ಬರ್ತಾರೆ?" ಅವರು ಮೊಲವನ್ನು ಇನ್ನಷ್ಟು ಜೋರಾಗಿ ಸವರಿದರು. "ಅವಳು ಬಂದಾಗಿಂದ ಊಟಕ್ಕೆ ಕೂತ್ರೂ ಅವಳದೇ ಮಾತು. ಏನು ಚುರುಕು, ಏನು ಹದ, ಏನು ಬುದ್ಧಿ. ನಾನು ಇವರ ಮೊಲಗಳಿಗೆ ಹುಷಾರಿಲ್ಲದಾಗ ನಿದ್ದೆಗೆಟ್ಟು ಕೂತೆನಲ್ಲ, ಅದು ಯಾರಿಗೂ ಲೆಕ್ಕಕ್ಕಿಲ್ಲ. ಹೊಟ್ಟೆಕಿಚ್ಚು ಅನ್ನಿ. ಹೌದು, ಹೊಟ್ಟೆಕಿಚ್ಚೇ. ಉರೀತಾ ಇದೆ ನಂಗೆ."

ಪಾಪ ಅನ್ನಿಸಿತು. ಆದರೆ ಪಾಪಕ್ಕಿಂತ ಮೊದಲು ಬಂದದ್ದು ಹಾಲು ಕುಡಿದಷ್ಟು ಸಂತೋಷ. ಆದರ್ಶ ಅಳಿಯ! ನಮ್ಮ ಅತ್ತೆ ಯಾರ ಹೆಸರು ಹೇಳಿ ನನ್ನನ್ನು ತಿವಿಯುತ್ತಾರೋ ಆ ಮಹಾನುಭಾವ, ಮಾಸ್ಕಿನ ಹೆಂಗಸನ್ನು ಕಾರಲ್ಲಿ ಕೂರಿಸಿಕೊಂಡು ಓಡಾಡುತ್ತಾನೆ!

ಆದರೂ ಸುಳ್ಳು ಹೇಳಲಾಗಲಿಲ್ಲ.

"ಅದು ಕಿರಿ ಮೇಡಂ ಅಲ್ಲ ಅತ್ತಿಗೆ. ಶನಿವಾರ ಅವರು ನಿರ್ದೇಶಕರ ಜೊತೆ ಪರಊರಿನ ಸಭೆಗೆ ಹೋಗಿದ್ರು. ವಾಪಸ್ ಬಂದಿದ್ದು ಸೋಮವಾರ ಬೆಳಿಗ್ಗೆ, ಸ್ಟೇಷನ್ನಿಂದ ನೇರ ಇಲ್ಲಿಗೇ. ನಿರ್ದೇಶಕರೇ ನಂಗೆ ಹೇಳಿದ್ದು."

ಅತ್ತಿಗೆಯ ಕೈ ಮೊಲದ ಬೆನ್ನ ಮೇಲೆ ನಿಂತುಹೋಯಿತು.

"ಹಾಗಾದ್ರೆ ಯಾರು ಅವಳು?"

ಆಗಲೇ ಕಿರಿ ಮೇಡಂ ಕೂಗಿದ್ದು ಕೇಳಿಸಿತು. ಓಡಿದೆವು.

ಪ್ಲೇಟು ನೀಲಿಯಾಗಿತ್ತು. ಕೊನೆಯ ಸಾಲಷ್ಟೇ ಅಲ್ಲ, ಕೊಬ್ಬು ಬಳಿದ ಸಾಲುಗಳೂ ಮೇಲಿನಿಂದ ಕೆಳಗಿನವರೆಗೆ ನೀಲಿ. ಸೀರಂ ಹಾಕದೆ ಬಿಟ್ಟಿದ್ದ ಗುಳಿಗಳು ಮಾತ್ರ ತಿಳಿಯಾಗಿದ್ದವು. ಬಾಟಲಿ ಅದೇ, ಮೊಲ ಅದೇ, ಆಂಟಿಬಾಡಿ ಗಟ್ಟಿ. ಕಿರಿ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಅಳುತ್ತಿದ್ದರು. ಷಡ್ಡಕ ಪ್ಲೇಟನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದ.

"ಅದೇ ಸೀರಂ, ಅದೇ ಪ್ಲೇಟು, ಅದೇ ನಿಮ್ಮ ಕೈ," ಅಂದೆ. "ಸೋಮವಾರ ಇದ್ದು ಇವತ್ತು ಇಲ್ಲದ್ದು ಏನು ಭಾವ?"

ನಾನು ಕಪಾಟಿನಿಂದ ಸೋಮವಾರದ ನೀರಿನ ಕ್ಯಾನು ತೆಗೆದೆ. ತಳದಲ್ಲಿ ಇನ್ನೂ ಸ್ವಲ್ಪ ನೀರಿತ್ತು. ಒಂದು ಕೈಯಲ್ಲಿ ಇವತ್ತಿನ ಕ್ಯಾನು, ಇನ್ನೊಂದರಲ್ಲಿ ಸೋಮವಾರದ್ದು. ಎರಡನ್ನೂ ಜೋರಾಗಿ ಕುಲುಕಿದೆ.

ಇವತ್ತಿನದು ಸುಮ್ಮನೆ ಕುಲುಕಿತು. ಸೋಮವಾರದ್ದು ನೊರೆ ಕಟ್ಟಿಕೊಂಡು ಕತ್ತಿನವರೆಗೆ ಉಕ್ಕಿ ಬಂತು.

"ಸೋಪು!" ಕಿರಿ ಮೇಡಂ ಕಿರುಚಿದರು. "ಅಯ್ಯೋ, ಯಾರು ಸೋಪು ಹಾಕಿದ್ದು?"

"ಹಾಕಿದ್ರೆ ಏನಾಗುತ್ತೆ?"

"ಎಣ್ಣೆ ಪಾತ್ರೆಗೆ ಸೋಪು ಹಾಕಿದ್ರೆ ಏನಾಗುತ್ತೆ ಸಾರ್? ಕೊಬ್ಬು ಗುಳಿಯಿಂದ ಎದ್ದು ನೀರಿನ ಜೊತೆ ಹೋಗಿಬಿಡುತ್ತೆ. ಪ್ರೊಟೀನ್ ಹೋಗಲ್ಲ, ಅದು ಗಟ್ಟಿಯಾಗಿ ಕಚ್ಕೊಂಡಿರುತ್ತೆ. ಅದಕ್ಕೇ ಕೊನೆ ಸಾಲು ಮಾತ್ರ ಉಳಿದಿದ್ದು. ಅಂಟಿಕೊಳ್ಳೋಕೆ ಕೊಬ್ಬೇ ಇಲ್ಲ ಅಂದ್ರೆ ಆಂಟಿಬಾಡಿ ಎಲ್ಲಿಗೆ ಹೋಗ್ಬೇಕು?"

ಇಡೀ ಲ್ಯಾಬು ನನ್ನ ಷಡ್ಡಕನಿಗೆ ಸೋಪು ಹಾಕುವುದು ನನಗೆ ಗೊತ್ತಿತ್ತು. ಸೋಪು ಹಾಕಿದರೆ ಕೊಬ್ಬು ಇಳಿಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ನಾನೂ ಒಂದು ಡಬ್ಬ ತರುತ್ತಿದ್ದೆ.

"ಬೇಕೂಂತ ಹಾಕಿದ್ದಾ?" ಎಂದು ಕೇಳಿದೆ.

ಕಿರಿ ಮೇಡಂ ಕಣ್ಣೊರೆಸಿಕೊಂಡು ಯೋಚಿಸಿದರು. "ಹಾಗೇ ಅಂತ ಹೇಳೋಕಾಗಲ್ಲ. ಬೇರೆ ಎಲ್ಲಾ ಕಡೆ ಈ ಥರದ ಪರೀಕ್ಷೆಗೆ ತೊಳೆಯೋ ನೀರಿಗೆ ಸ್ವಲ್ಪ ಸೋಪು ಹಾಕೇ ಹಾಕ್ತಾರೆ. ಹಾಕದಿದ್ರೆ ಬೈಸ್ಕೋತಾರೆ. ನಿಷಿದ್ಧ ಇರೋದು ನಮ್ಮಲ್ಲಿ ಮಾತ್ರ, ಕೊಬ್ಬಿನ ಕೆಲಸ ಅಲ್ವಾ ಅದಕ್ಕೆ. ನಾನೂ ಸೇರಿದ ಹೊಸತರಲ್ಲಿ ಇದೇ ತಪ್ಪು ಮಾಡಿದ್ದೆ. ಸರ್ ಸರಿಯಾಗಿ ಉಗಿದಿದ್ರು."

ಷಡ್ಡಕ ಪ್ಲೇಟನ್ನು ಮೇಜಿನ ಮೇಲಿಟ್ಟು ತನ್ನ ಕೋಣೆಗೆ ಹೊರಟ. ಹಿಂದೆಯೇ ಹೋಗಿ ಬಾಗಿಲು ಹಾಕಿದೆ.

ಆ ಕೋಣೆಯ ಗೋಡೆಯ ತುಂಬ ಅವನೇ. ಅವನು ಫಲಕ ತೆಗೆದುಕೊಳ್ಳುತ್ತಿರುವುದು, ಅವನು ಕೈಕುಲುಕುತ್ತಿರುವುದು, ಅವನು ಯಾರನ್ನೋ ನೋಡಿ ನಗುತ್ತಿರುವುದು. ನಾನು ಕೂತೆ, ಕಾಲ ಮೇಲೆ ಕಾಲು ಹಾಕಿಕೊಂಡೆ. ಅವನೆದುರು ಹಾಗೆ ಕೂತದ್ದು ಅದೇ ಮೊದಲು.

"ನೀರು ಮಾಡಿದ್ದು ಯಾರು ಭಾವ?"

"ನಾನೇ ಅಂತ ಮೊನ್ನೆನೇ ಹೇಳಿದೀನಲ್ಲ."

"ಕೊಬ್ಬಿನ ಪರೀಕ್ಷೆಗೆ ನೀವು ಸೋಪು ಹಾಕ್ತೀರಾ?"

ಅವನು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ.

"ಬೇಕೂಂತ ಹಾಕಿದ್ರಾ? ಕಿರಿ ಮೇಡಂ ಮಿಶ್ರಣ ಕೆಲಸಕ್ಕೆ ಬಾರದ್ದು ಅಂತ ತೋರಿಸೋಕೆ? ಆಕೆ ನಿಮ್ಮನ್ನ ಮೀರಿಸ್ತಾಳೆ ಅನ್ನೋ ಹೊಟ್ಟೆಕಿಚ್ಚಿಗೆ?"

"ತಲೆ ಕೆಟ್ಟಿದ್ಯಾ? ಮಾನ ಹೋಗಿದ್ದು ನಂದು. ನನ್ನ ಮನೆಗೆ ನಾನೇ ಬೆಂಕಿ ಇಡ್ತೀನಾ?"

ಆ ಮಾತು ನಿಜ. ನನ್ನ ಹೊಟ್ಟೆಯುರಿ ಕಟ್ಟಿದ ಕಥೆ ಒಂ‍ದೇ ಏಟಿಗೆ ಮಲಗಿತು. ಆದರೆ ನನ್ನ ಕೈಯಲ್ಲಿ ಇನ್ನೊಂದಿತ್ತು.

"ಸರಿ. ಹಾಗಾದ್ರೆ ನೀರು ಮಾಡಿದ್ದು ನೀವಲ್ಲ. ಭಾನುವಾರ ನಿಮ್ಮ ಕಾರಲ್ಲಿ ಬಂದ ಮಾಸ್ಕಿನ ಹೆಂಗಸು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವನ ಕೈ ಹೆಗಲಿಗೆ ಹೋಗಲಿಲ್ಲ, ಬಾಗಿಲ ಚಿಲಕದ ಕಡೆ ಕಣ್ಣು ಹೋಯಿತು. ಹೊರಗೆ ಅತ್ತಿಗೆ ಇದ್ದರು.

"ಮೆತ್ತಗೆ ಮಾತಾಡಿ," ಅಂದ.

ಆಹಾ, ಆ ಎರಡು ಮಾತು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆನೋ! ಎದ್ದು ಅವನ ಮೇಜಿನ ಮೇಲೆ ಎರಡೂ ಕೈ ಊರಿದೆ.

"ಯಾರು ಅಂತ ನೀವು ಹೇಳದಿದ್ರೆ ನಾನೇ ಹೇಳ್ತೀನಿ ಕೇಳಿ. ಅವಳಿಗೆ ನಿಮ್ಮ ಸಕ್ಕರೆಕೊಬ್ಬಿನ ವಿಚಾರ ಗೊತ್ತಿಲ್ಲ. ಆದ್ರೆ ಪರೀಕ್ಷೆ ಮಾಡಿ ಮಾಡಿ ಕೈ ಪಳಗಿದೆ. ನಿಮಗೆ ಸಹಾಯ ಆಗ್ಲಿ ಅಂತ ತಾನೇ ನೀರು ಕದಡಿಟ್ಟಿದಾಳೆ, ಪಕ್ಕದ ಮೇಜಿಂದ ಸೋಪಿನ ಬಾಟಲಿ ತಗೊಂಡು ಅಚ್ಚುಕಟ್ಟಾಗಿ ಅಳೆದು ಹಾಕಿದಾಳೆ, ಅವಳ ಕೆಲಸದಲ್ಲಿ ದಿನಾ ಮಾಡೋ ಹಾಗೆ. ಒಳ್ಳೆ ಅಭ್ಯಾಸ ಇರೋ ಹೆಂಗಸು. ಎಲ್ಲೋ ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೇಲಿ ಕೆಲಸ ಮಾಡೋ..."

ಮಾತು ಬಾಯಲ್ಲೇ ನಿಂತಿತು.

ಷಡ್ಡಕ ನನ್ನನ್ನೇ ನೋಡುತ್ತಿದ್ದ. ಈ ಸಲ ನಗಲಿಲ್ಲ. ಅವನ ಕಣ್ಣಲ್ಲಿ ನನ್ನ ಮೇಲೆ ಕನಿಕರವಿತ್ತು. ನಗು ಸಹಿಸಬಹುದಿತ್ತು, ಇದನ್ನು ಸಹಿಸಲಾಗಲಿಲ್ಲ.

ಆ ಭಾನುವಾರ ನನ್ನವಳು ಆಸ್ಪತ್ರೆಯಲ್ಲಿ ಹೆಚ್ಚಿನ ಡ್ಯೂಟಿ ಅಂದಿದ್ದಳು. ಊಟ ಮೇಜಿನ ಮೇಲೆ ಮುಚ್ಚಿಟ್ಟು ಹೋಗಿದ್ದಳು. ನಾನು ತಿಂದು ಮಲಗಿದ್ದೆ.

"ನನ್ನ ಹೆಂಡ್ತೀನಾ?"

"ನಿಮಗೆ ಹೇಳ್ಬೇಡಿ ಅಂತ ಅವಳೇ ಕೇಳ್ಕೊಂಡಿದ್ಳು," ಅಂದ.

ಅವಳು, ಅಂದ. ತನ್ನ ಮದುವೆಯಾದಾಗಿನಿಂದಲೂ ಅವನು ನಾದಿನಿಯನ್ನು ಹಾಗೇ ಕರೆಯುವುದು, ನನಗೆ ಗೊತ್ತಿಲ್ಲದ್ದಲ್ಲ. ಆದರೆ ಆ ಗಳಿಗೆಯಲ್ಲಿ ಆ ಏಕವಚನ ನನ್ನ ಎದೆಗೆ ಬಡಿಯಿತು. ಇಷ್ಟು ವರ್ಷ ಕೂದಲಿಗೆ, ಫೋಟೋಕ್ಕೆ, ಕಾರಿಗೆ ಪಟ್ಟದ್ದೆಲ್ಲ ಬರೀ ಹೊಗೆ. ಉರಿ ಹತ್ತಿದ್ದು ಈಗ.

"ಯಾಕೆ ಬಂದಿದ್ಳು?"

"ಅದು ನನ್ನ ಬಾಯಿಂದ ಬರಲ್ಲ. ಮಾತು ಕೊಟ್ಟಿದೀನಿ."

"ಯಾರಿಗೆ ಮಾತು? ನನ್ನ ಹೆಂಡ್ತಿಗೆ ನೀನು ಮಾತು ಕೊಡೋನಾ?" ಒಳಗಿನ ಏಕವಚನ ಹೊರಗೆ ಬಿದ್ದುಬಿಟ್ಟಿತ್ತು. ಅವನ ಕೊರಳಪಟ್ಟಿ ನನ್ನ ಕೈಯಲ್ಲಿತ್ತು. ಯಾವಾಗ ಹಿಡಿದೆನೋ ಗೊತ್ತಿಲ್ಲ.

ಅವನು ಬಿಡಿಸಿಕೊಳ್ಳಲಿಲ್ಲ. "ನೀರಿಗೆ ಸೋಪು ಹಾಕಿದ್ಳು ಅಂತ ಈಗ ಕ್ಯಾನು ಕುಲುಕೋವರೆಗೂ ನಂಗೂ ಗೊತ್ತಿರಲಿಲ್ಲ. ದೇವರಾಣೆ. ಕಿರಿ ಮೇಡಂ ಬದಲಾಯಿಸಿದಾಳೆ ಅಂತಾನೇ ನಂಬಿದ್ದೆ." ತಗ್ಗಿದ ದನಿಯಲ್ಲಿ ಮುಂದುವರಿಸಿದ. "ಕೇಳಿ. ನಿಮ್ಮದೊಂದು ಮನೆ, ನಂದೊಂದು ಮನೆ. ಬಾಟಲಿ ಕಥೆನೇ ಇರ್ಲಿ. ಕ್ಯಾನು ಸಿಂಕಿಗೆ ಚೆಲ್ಲೋಣ. ಆ ಹುಡುಗಿಗೆ ಇದಕ್ಕಿಂತ ಒಳ್ಳೆ ಕಡೆ ಕೆಲಸ ನಾನೇ ಕೊಡಿಸ್ತೀನಿ. ನಿಮ್ಮ ಅತ್ತಿಗೆಗೆ ಏನೂ ಗೊತ್ತಾಗೋದು ಬೇಡ."

ಹೂಂ ಅನ್ನಬೇಕು ಅನ್ನಿಸಿತು. ಕೇಳದೇ ಇದ್ದರೆ ಗೊತ್ತಾಗುವುದಿಲ್ಲ, ಗೊತ್ತಾಗದಿದ್ದರೆ ಆಗಿಯೇ ಇಲ್ಲ. ಬೇರೆಯವರ ಮನೆಯ ಗುಟ್ಟು ಅಗೆದು ಹೊಟ್ಟೆ ಹೊರೆಯುವ ನನಗೆ ನನ್ನ ಮನೆಯ ಗುಟ್ಟು ಮಾತ್ರ ಮಣ್ಣಿನಡಿಯೇ ಇರಲಿ ಅನ್ನಿಸಿತು.

ಬಾಗಿಲು ತಟ್ಟಿದರು. ನಿರ್ದೇಶಕರು ಬಂದಿದ್ದರು.

ಪರೀಕ್ಷಾ ಕೋಣೆಯಲ್ಲಿ ಅವರು ನೀಲಿ ಪ್ಲೇಟನ್ನೂ ನೊರೆಯ ಕ್ಯಾನನ್ನೂ ನೋಡಿದರು, ಕಿರಿ ಮೇಡಂ ಹೇಳಿದ್ದನ್ನೆಲ್ಲ ಕೇಳಿದರು. ಕನ್ನಡಕ ತೆಗೆದು ಒರೆಸಿದರು. ವಯಸ್ಸಾದವರು, ಒಳ್ಳೆಯವರು, ಆದರೆ ಯಾರನ್ನೂ ಸುಲಭಕ್ಕೆ ನಂಬುವವರಲ್ಲ.

"ಸರಿ, ಬಾಟಲಿ ಬದಲಾಗಿಲ್ಲ. ಆದ್ರೆ ಸೋಪು ಯಾರು ಹಾಕಿದ್ರು? ಕೊಬ್ಬಿಗೆ ಸೋಪು ಆಗಲ್ಲ ಅಂತ ಚೆನ್ನಾಗಿ ಗೊತ್ತಿರೋದು ಈ ಹುಡುಗಿಗೆ. ಸೋಮವಾರ ಬೆಳಿಗ್ಗೆ ನನ್ನ ಜೊತೆ ಬಂದಿಳಿದವಳು ನೇರ ಈ ಕೋಣೆಗೇ ಬಂದ್ಳು. ಆಗ ಹಾಕಿರಬಹುದಲ್ಲ?"

ಕಿರಿ ಮೇಡಂಗೆ ಸಿಕ್ಕಿತು ಅಂದುಕೊಂಡ ದಡ ಮತ್ತೆ ದೂರ ಹೋಗಿತ್ತು. ಅವರು ಮೇಜಿನ ಮೇಲಿದ್ದ ತಮ್ಮ ಪೆನ್ನುಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕತೊಡಗಿದರು.

"ಇವರಲ್ಲ ಸರ್," ಅಂದೆ. "ಭಾನುವಾರವೇ ಹಾಕಿದ್ದು. ಯಾರು ಅಂತ ನಂಗೆ ಗೊತ್ತು."

ಷಡ್ಡಕ ಕಣ್ಣು ಮುಚ್ಚಿಕೊಂಡ.

"ಹೆಸರು ಹೇಳಿದ್ರೆ ಸಾಕಾಗಲ್ಲ," ಅಂದರು ನಿರ್ದೇಶಕರು. "ನೀವು ಇವರ ಷಡ್ಡಕ. ಮನೆಯವರು ಮನೆಯವರನ್ನ ಕಾಪಾಡ್ಕೊಳ್ಳೋಕೆ ಏನು ಬೇಕಾದ್ರೂ ಹೇಳಬಹುದು. ಹಾಕಿದವರು ಅವರ ಬಾಯಲ್ಲೇ ನನಗೆ ಹೇಳ್ಲಿ. ಇಲ್ಲಾಂದ್ರೆ ಸಹಿ ಹಾಕ್ತೀನಿ."

ಅತ್ತಿಗೆ ನನ್ನ ಪಕ್ಕಕ್ಕೆ ಬಂದು ನಿಂತರು. ಮಾಸ್ಕಿನ ಹೆಂಗಸು ಯಾರು ಅಂತ ತಿಳಿಯದೆ ಅವರು ಅಲ್ಲಿಂದ ಕದಲುವವರಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಅವರನ್ನು ಹೊರಗೆ ಕಳಿಸಬೇಕಿತ್ತು. ಏನಂತ ಹೇಳಿ ಕಳಿಸುವುದು? ಕಿರಿ ಮೇಡಂ ಚೀಲದ ಜಿಪ್ಪು ಎಳೆಯುತ್ತಿದ್ದರು.

ಫೋನು ತೆಗೆದು ನನ್ನವಳ ನಂಬರು ಒತ್ತಿದೆ.

"ಎಲ್ಲರಿಗೂ ಕೇಳೋ ಹಾಗೆ ಇಡಿ," ಅಂದರು ನಿರ್ದೇಶಕರು. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ.

"ಹೇಳ್ರೀ," ಅಂದಳು. ಹಿಂದೆ ಆಸ್ಪತ್ರೆಯ ಯಂತ್ರವೊಂದು ಗಿರಗಿರ ತಿರುಗುತ್ತಿತ್ತು. ಆ ದನಿ ಕೇಳಿ ಅತ್ತಿಗೆ ಹುಬ್ಬು ಗಂಟಿಕ್ಕಿ ನನ್ನನ್ನು ನೋಡಿದರು, ಆಮೇಲೆ ಫೋನನ್ನು ನೋಡಿದರು.

"ಭಾನುವಾರ ಭಾವನ ಲ್ಯಾಬಲ್ಲಿ ತೊಳೆಯೋ ನೀರು ಮಾಡಿಟ್ಟಿದ್ದು ನೀನಾ?"

ಅವಳು ಯಂತ್ರ ಆರಿಸಿದ್ದು ಕೇಳಿಸಿತು.

"ಭಾವ ಹೇಳಿಬಿಟ್ರಾ?" ಅಂದಳು ಕೊನೆಗೆ.

"ನೀನಾ ಅಲ್ವಾ ಹೇಳು."

"ಹೂಂ. ಭಾವ ಸುಸ್ತಾಗಿದ್ರು. ಅಷ್ಟಾದ್ರೂ ಮಾಡ್ಕೊಡೋಣ ಅಂತ ಮಾಡಿದೆ."

"ಸೋಪು ಹಾಕಿದ್ಯಾ?"

"ಹಾಕ್ದೇ ಇರ್ತಾರಾ? ನಮ್ಮಲ್ಲಿ ಹಾಕೋ ಅಷ್ಟೇ ಹಾಕಿದೆ. ಯಾಕೆ, ಏನಾಯ್ತು?"

ನಿರ್ದೇಶಕರು ಕನ್ನಡಕ ಹಾಕಿಕೊಂಡರು. ಕಿರಿ ಮೇಡಂ ಕುರ್ಚಿಗೆ ಕುಸಿದರು. ಆಕೆಯ ಕೆಲಸ ಉಳಿಯಿತು ಅಂತ ನನಗೆ ತಿಳಿಯಿತು, ಆದರೆ ಸಂತೋಷಪಡಲು ನನ್ನೊಳಗೆ ಜಾಗವಿರಲಿಲ್ಲ.

"ಅದರಿಂದ ಒಬ್ಬರ ಕೆಲಸ ಹೋಗೋದ್ರಲ್ಲಿದೆ. ನೀನು ಇಲ್ಲಿಗೆ ಬಂದು ಇದನ್ನೇ ಹೇಳ್ಬೇಕು. ಯಾಕೆ ಬಂದಿದ್ದೆ ಅಂತಾನೂ ಹೇಳ್ಬೇಕು."

ಉಸಿರೆಳೆದುಕೊಂಡದ್ದು ಕೇಳಿಸಿತು. ನನ್ನವಳು ಅಳುವ ಮೊದಲು ಹಾಗೆ ಉಸಿರೆಳೆಯುತ್ತಾಳೆ.

"ಬರ್ತೀನಿ. ನಿಮಗೂ ಹೇಳ್ತೀನಿ, ಎಷ್ಟು ದಿನ ಅಂತ ಮುಚ್ಚಿಡ್ಲಿ. ಆದ್ರೆ ಒಂದು ಮಾತು ನಡೆಸ್ಕೊಡಿ. ಅಕ್ಕ ಅಲ್ಲಿರಬಾರದು. ಅವಳೆದುರು ಮಾತ್ರ ನನ್ನ ಕೈಲಾಗಲ್ಲ."

ನಾನು ಫೋನಿಗೆ ಕೈ ಚಾಚಿದೆ. ಷಡ್ಡಕನೂ ಚಾಚಿದ. ಇಬ್ಬರಿಗಿಂತ ಮೊದಲು ಅತ್ತಿಗೆ ಅದನ್ನು ಎತ್ತಿಕೊಂಡು ಬಾಯಿಯ ಹತ್ತಿರ ಹಿಡಿದರು.

"ಇಲ್ಲೇ ಇದೀನಿ ಕಣೇ," ಅಂದರು. "ಹೇಳು."